ರಗ್ಬಿ ಇತಿಹಾಸ ಹೇಳಿ ಉಗ್ರಾಣದ ಬಾಗಿಲಲ್ಲಿ ಚಾಪೆ ಹೊದ್ದು ಕೂರುವ ನೌಕರರ ಬಗ್ಗೆ

ಸಂಖ್ಯೆ: ನೀರು/ಉಗ್ರಾಣ/ರಗ್ಬಿ/ಚಾಪೆ/4
ಆಡಳಿತ ಶಾಖೆ, ಅಪಿಯಾ

ಸುತ್ತೋಲೆ

ವಿಷಯ: ಸಮೋವಾ ಮತ್ತು ಟೊಂಗಾ ದೇಶಗಳ ನಡುವಣ ರಗ್ಬಿ ಪಂದ್ಯಗಳ ಇತಿಹಾಸವನ್ನು ಕಚೇರಿ ವೇಳೆಯಲ್ಲಿ ಹೇಳುವುದು, ಕೇಳುವುದು, ಅಭಿನಯಿಸುವುದು ಹಾಗೂ ತತ್ಪರಿಣಾಮವಾಗಿ ಉಗ್ರಾಣಕ್ಕೆ ದಾರಿಯೇ ಇಲ್ಲದಂತಾಗುವುದನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ:
1. ಇದೇ ವಿಷಯದ ಮೇಲೆ ಹೊರಡಿಸಲಾದ ಹಿಂದಿನ ಮೂರು ಸುತ್ತೋಲೆಗಳು (ಯಾರೂ ಓದಿರುವುದಿಲ್ಲ).
2. ಪಾದ್ರಿಗಳ ಮನೆಯ ನಲ್ಲಿ ಬುಧವಾರದಿಂದ ಸೋರುತ್ತಿರುವ ಬಗ್ಗೆ ಪಾದ್ರಿಗಳ ದೂರು, ಹಾಗೂ ದೂರಿನ ಕೊನೆಯಲ್ಲಿ ಪಾದ್ರಿಗಳು ಬಳಸಬಾರದಾಗಿದ್ದ ಒಂದು ಪದ.
3. ಉಗ್ರಾಣಪಾಲಕರ ಮೌಖಿಕ ಹೇಳಿಕೆ: "ನಾನೇನೂ ಹೇಳೋದಿಲ್ಲ."

ಪ್ರಸ್ತಾವನೆ:

ಈ ಇಲಾಖೆಯು ಜನರಿಗೆ ಕುಡಿಯುವ ನೀರು ಒದಗಿಸುವ ಸಲುವಾಗಿ ಸ್ಥಾಪಿತವಾಗಿರುತ್ತದೆ. ಆದರೆ ಹೊರಗಿನಿಂದ ನೋಡಿದವರಿಗೆ ಇದು ರಗ್ಬಿ ಇತಿಹಾಸದ ವ್ಯಾಜ್ಯಗಳನ್ನು ಬೆಳೆಸುವ ಸಲುವಾಗಿಯೇ ಸ್ಥಾಪಿತವಾದಂತೆ ಕಾಣುತ್ತಿದೆ ಎಂಬುದನ್ನು ವಿಷಾದದಿಂದ ಗಮನಿಸಲಾಗಿದೆ.

ಉಗ್ರಾಣಪಾಲಕರಾದ ಶ್ರೀ ಫೆಲೆತಿ ಹಲಾಪುವಾ ಅವರು ಟೊಂಗಾದವರು. ಕೆಲಸ ಹುಡುಕಿಕೊಂಡು ಅಪಿಯಾಕ್ಕೆ ಬಂದು ಇಲ್ಲೇ ಮುದುಕರಾದವರು. ತಲೆಯಲ್ಲಿ ಕೂದಲಿದ್ದ ಕಾಲದಲ್ಲಿ ತಮ್ಮ ದೇಶದ ತಂಡಕ್ಕೆ ಒಂದೇ ಒಂದು ಪಂದ್ಯ ಆಡಿದ್ದು, ಅದು ಸಮೋವಾದ ವಿರುದ್ಧವೇ ಆಗಿರುತ್ತದೆ. ರಗ್ಬಿಯಲ್ಲಿ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿದರೆ ಟ್ರೈ. ಒತ್ತುವ ಮೊದಲೇ ಕೈಜಾರಿದರೆ ಸೊನ್ನೆ. ಸದರಿ ಪಂದ್ಯದ ಕೊನೆಯಲ್ಲಿ ಅವರು ಗೆರೆ ದಾಟಿ, ಸುತ್ತ ನರಪಿಳ್ಳೆಯೂ ಇಲ್ಲದಿದ್ದಾಗ, ಚೆಂಡನ್ನು ನೆಲಕ್ಕೊತ್ತಿದರು ಎಂದು ಅವರೂ, ಕೈಜಾರಿಸಿದರು ಎಂದು ಉಳಿದ ಮಾನವಕುಲವೂ ಹೇಳುತ್ತ ಬಂದಿರುತ್ತದೆ.

ಮೀಟರು ಶಾಖೆಯ ಶ್ರೀ ಇಯೋಪು ತಾಫುನಾ ಅವರು ಇಲ್ಲಿಯವರೇ. ಉಗ್ರಾಣಪಾಲಕರ ಮಗಳು ಅನಾಸೆಯಿನಿಯ ಗಂಡ. ಒಳ್ಳೆಯ ಹುಡುಗ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ.

ಗಂಡುಮಗು ಹುಟ್ಟಿದ ಸುದ್ದಿ ಬಂದ ದಿನ ಕೋಕೋ ವಿರಾಮದಲ್ಲಿ ಸದರಿ ಇಯೋಪು ಅವರು ಸಂತೋಷ ತಡೆಯಲಾರದೆ ಮೇಜು ಹತ್ತಿ, ಚೆಂಡಿನ ಗಾತ್ರದ ಒಂದು ಜೀಗುಜ್ಜೆ ಕಾಯನ್ನು ಎದೆಗವಚಿಕೊಂಡು, ಮಾವನ ಓಟವನ್ನೂ ಕೈಜಾರಿಕೆಯನ್ನೂ ಸಾಂಗವಾಗಿ ಅಭಿನಯಿಸಿ, "ನನ್ ಮಗ ಅಜ್ಜನ ಥರ ಅಲ್ರಪ್ಪೋ! ಮುಷ್ಟಿ ನೋಡ್ಬೇಕು ನೀವು, ಹಿಡಿದ್ರೆ ಬಿಡೋ ಪೈಕಿ ಅಲ್ಲ!" ಎಂದು ಘೋಷಿಸಿದರು. ಅಭಿನಯ ಬಹಳ ಚೆನ್ನಾಗಿತ್ತು ಎಂದು ಎಲ್ಲ ಸಾಕ್ಷಿಗಳೂ ಒಪ್ಪಿರುತ್ತಾರೆ. ಬಾಗಿಲಲ್ಲಿ ನಿಂತಿದ್ದ ಉಗ್ರಾಣಪಾಲಕರು ಮಾತ್ರ ನಗಲಿಲ್ಲ. ಎಲ್ಲರಿಗೂ ಹಂಚಲೆಂದು ತಾವೇ ತಂದಿದ್ದ ಸಿಹಿ ಬನ್ನಿನ ತಟ್ಟೆಯನ್ನು ಕಿಟಕಿಯ ಮೇಲಿಟ್ಟು, "ಇನ್ನು ನಿನ್ನ ಹೊಸ್ತಿಲು ತುಳಿದ್ರೆ ಕೇಳು," ಎಂದಷ್ಟೇ ಹೇಳಿ ಹೊರಟುಹೋದರು. ಬನ್ನುಗಳನ್ನು ಸಿಬ್ಬಂದಿ ತಿಂದಿರುತ್ತಾರೆ.

ಅಂದಿನಿಂದ ಅವರು ಮೊಮ್ಮಗನ ಮುಖ ನೋಡಿರುವುದಿಲ್ಲ. ನೋಡುವ ಆಸೆ ಇಲ್ಲವೆಂದಲ್ಲ. ಪೈಪು ತೂಗುವ ತಕ್ಕಡಿಯ ಬಳಿ ನಿಂತು ಬೆರಳಚ್ಚುಗಾರ್ತಿಯನ್ನು, "ಗಂಡುಮಕ್ಕಳು ಒಂದೆರಡು ತಿಂಗಳಲ್ಲಿ ಎಷ್ಟು ತೂಗ್ತಾವಮ್ಮ? ಸುಮ್ನೆ ಕೇಳ್ದೆ," ಎಂದು ವಿಚಾರಿಸಿದ್ದು ಇಡೀ ಕಚೇರಿಗೆ ಗೊತ್ತಿದೆ. ಆದರೆ ಆಡಿದ ಮಾತನ್ನು ನುಂಗುವ ಅಭ್ಯಾಸ ಅವರಿಗಿಲ್ಲ. ಅತ್ತ ಮಗಳದ್ದೂ ಅದೇ ಹಟ. ಮಗುವಿನ ದೀಕ್ಷಾಸ್ನಾನವನ್ನು ಎರಡು ಸಲ ಮುಂದೂಡಿ, "ಅಪ್ಪ ಎತ್ತಿಕೊಳ್ಳದೆ ಮಗೂನ ಚರ್ಚಿನೊಳಗೆ ಒಯ್ಯೋದಿಲ್ಲ. ಬೇಕಾದ್ರೆ ದೊಡ್ಡವನಾದ್ಮೇಲೆ ತಾನೇ ನಡ್ಕೊಂಡು ಹೋಗ್ಲಿ," ಎಂದು ಪಾದ್ರಿಗಳಿಗೆ ತಿಳಿಸಿರುತ್ತಾಳೆ.

ಇಲ್ಲಿಯ ಪದ್ಧತಿಯಂತೆ ಘೋರ ತಪ್ಪು ಮಾಡಿದವನು ನೊಂದವರ ಬಾಗಿಲಲ್ಲಿ ತಲೆ ತಗ್ಗಿಸಿ, ನಯವಾದ ಹೆಣಿಗೆಯ ಚಾಪೆ ಹೊದ್ದು ಕೂರತಕ್ಕದ್ದು. ನೊಂದವರು ಬಂದು ಚಾಪೆ ತೆಗೆದರೆ ಕ್ಷಮೆ ದೊರೆತಂತೆ. ಈ ಪದ್ಧತಿ ಕೊಲೆ ಮುಂತಾದ ಘನ ಪ್ರಕರಣಗಳಿಗಿದ್ದು, ಜೀಗುಜ್ಜೆಗೆ ಅನ್ವಯವಾಗುವುದೇ ಎಂಬ ಬಗ್ಗೆ ಹಿರಿಯರೂ ಮೌನವಾಗಿದ್ದಾರೆ. ಆದಾಗ್ಯೂ ಸದರಿ ಇಯೋಪು ಅವರು ಕಳೆದ ಬುಧವಾರ ಬೆಳಿಗ್ಗೆ ಚಾಪೆ ಹೊದ್ದು ಉಗ್ರಾಣದ ಬಾಗಿಲಲ್ಲಿ ಕೂತರು. ಮಾವ ಮನೆಯಲ್ಲಿರುವುದು ಮಲಗುವ ಹೊತ್ತಿಗೆ ಮಾತ್ರ ಎಂಬುದು ಅವರು ಕೊಟ್ಟ ಕಾರಣ. ಉಗ್ರಾಣಕ್ಕಿರುವುದು ಒಂದೇ ಬಾಗಿಲು. ನಲ್ಲಿಯ ವಾಷರುಗಳೆಲ್ಲ ಒಳಗಿವೆ.

ಆದಕಾರಣ ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ಕಟ್ಟುನಿಟ್ಟಾಗಿ ತಿಳಿಯಪಡಿಸಲಾಗಿದೆ:

ಭಾಗ ಒಂದು: ಇತಿಹಾಸ

1. ಪಂದ್ಯಗಳ ಇತಿಹಾಸ ಎಲ್ಲಿಂದ ಆರಂಭವಾಗತಕ್ಕದ್ದು ಎಂಬುದು ಮೊದಲ ತೊಡಕು. ಉಗ್ರಾಣಪಾಲಕರು ಪುರಾತನ ಕಾಲದಲ್ಲಿ ಟೊಂಗಾದ ದೋಣಿಗಳು ಬಂದು ಸಮೋವಾವನ್ನು ಆಳಿದಲ್ಲಿಂದ ಆರಂಭಿಸುತ್ತಾರೆ. ಅಳಿಯಂದಿರು ಆ ದೋಣಿಗಳನ್ನು ಇಲ್ಲಿಯವರು ಅಟ್ಟಿಬಿಟ್ಟಲ್ಲಿಂದ ಆರಂಭಿಸುತ್ತಾರೆ. ಕೋಕೋ ವಿರಾಮ ಹದಿನೈದು ನಿಮಿಷದ್ದಾಗಿರುವುದರಿಂದ ಇಬ್ಬರೂ ಈವರೆಗೆ ಮೊದಲ ಪಂದ್ಯವನ್ನೇ ತಲುಪಿರುವುದಿಲ್ಲ. ಇನ್ನು ಮುಂದೆ ಇತಿಹಾಸವು ಚೆಂಡಿನಿಂದ ಆರಂಭವಾಗತಕ್ಕದ್ದು. ದೋಣಿಗಳನ್ನು ಊಟದ ವಿರಾಮಕ್ಕೆ ಕಾಯ್ದಿರಿಸಲಾಗಿದೆ.

2. ಗೆದ್ದ ಪಂದ್ಯಕ್ಕೆ "ನಾವು ಗೆದ್ವಿ" ಎಂದೂ, ಸೋತ ಪಂದ್ಯಕ್ಕೆ "ಈ ಹುಡುಗ್ರು ಮಾನ ಕಳೆದ್ರು" ಎಂದೂ ಹೇಳುವ ಪರಿಪಾಠವನ್ನು ನಿಲ್ಲಿಸಲಾಗಿದೆ. ಗೆದ್ದ "ನಾವೇ" ಸೋಲತಕ್ಕದ್ದು.

3. ಸೋಲಿಗೆ ಕಾರಣಗಳು ಪಂದ್ಯವೊಂದಕ್ಕೆ ಎರಡನ್ನು ಮೀರಕೂಡದು. ಗಾಳಿಯನ್ನು ಕಾರಣವಾಗಿ ತೋರಿಸಿದಲ್ಲಿ, ಅದೇ ಗಾಳಿ ಪಂದ್ಯದ ಎರಡೂ ಅರ್ಧಗಳಲ್ಲಿ ಒಂದೇ ತಂಡದ ಮುಖಕ್ಕೆ ಬೀಸಿತೆಂದು ಹೇಳುವಂತಿಲ್ಲ. ರೆಫರಿಯ ಕಣ್ಣು, ರೆಫರಿಯ ತಾಯಿ ಹಾಗೂ ರೆಫರಿ ಹಿಂದಿನ ದಿನ ಯಾರ ಮನೆಯಲ್ಲಿ ಉಂಡರು ಎಂಬ ವಿಷಯಗಳನ್ನು ಒಂದೇ ಕಾರಣವೆಂದು ಪರಿಗಣಿಸಲಾಗುವುದು.

4. ಎರಡೂ ತಂಡಗಳು ಪಂದ್ಯಕ್ಕೆ ಮೊದಲು ಎದುರುಬದುರು ನಿಂತು ರಣಕುಣಿತ ಕುಣಿಯುವುದು ವಾಡಿಕೆ. ಇದನ್ನು ಸಿಬ್ಬಂದಿ ಸಭೆಗೆ ಮೊದಲು ಕುಣಿಯುವುದು ವಾಡಿಕೆಯಲ್ಲ. ತಡೆಯಲಾಗದ ಪಕ್ಷದಲ್ಲಿ ತೊಡೆ ತಟ್ಟಲು ಅನುಮತಿಸಲಾಗಿದೆ. ತಟ್ಟುವ ತೊಡೆ ತಟ್ಟುವವರದೇ ಆಗಿರತಕ್ಕದ್ದು.

5. ಈ ಕಚೇರಿಯು ಯಾವ ತಂಡದ ಪರವೂ ಅಲ್ಲ. ಕಳೆದ ಪಂದ್ಯದ ವಾರದಲ್ಲಿ ಆಡಳಿತ ಶಾಖೆಯ ಗೋಡೆಗೆ ಸಮೋವಾದ ನೀಲಿ ಬಣ್ಣ ಬಳಿಸಿದ್ದು ಆಕಸ್ಮಿಕವೆಂದು ಮತ್ತೊಮ್ಮೆ ಸ್ಪಷ್ಟಪಡಿಸಲಾಗಿದೆ. ಉಗ್ರಾಣದಲ್ಲಿ ಟೊಂಗಾದ ಕೆಂಪು ಬಣ್ಣ ಮುಗಿದಿತ್ತು ಎಂಬ ಹೇಳಿಕೆಯನ್ನು ಉಗ್ರಾಣಪಾಲಕರು ಅಲ್ಲಗಳೆದಿರುವುದನ್ನು ಕಡೆಗಣಿಸಲಾಗಿದೆ.

6. ಹಳೆಯ ಟ್ರೈಗಳನ್ನು ಹಣ್ಣುಹಂಪಲು ಹಿಡಿದು ಅಭಿನಯಿಸುವುದನ್ನು ನಿಷೇಧಿಸಲಾಗಿದೆ. ವಿಶೇಷವಾಗಿ, ಟ್ರೈ ಹೊಡೆದವರು ಅಥವಾ ಹೊಡೆಯದವರು ಕೋಣೆಯಲ್ಲಿಯೇ ಇದ್ದಾಗ, ಅವರ ಮಗಳನ್ನು ಮದುವೆಯಾದವರು ಅಭಿನಯಿಸತಕ್ಕದ್ದಲ್ಲ.

ಭಾಗ ಎರಡು: ಚಾಪೆ

7. ಚಾಪೆಯಡಿ ಕೂತ ನೌಕರರ ಹಾಜರಾತಿ ಕುರಿತು: ಮುಖ ಕಾಣದ ಕಾರಣ ಗೈರುಹಾಜರಿ ಎಂದು ನಮೂದಿಸಲಾಗಿತ್ತು. ಅದಕ್ಕೆ ಚಾಪೆಯೊಳಗಿಂದ, "ಇಲ್ಲೇ ಇದೀನಲ್ಲ ಸಾಹೇಬ್ರೆ, ಕುಂಡಿ ನೋವು ಬಂದು ಸಾಯ್ತಾ ಇದೀನಿ," ಎಂಬ ಆಕ್ಷೇಪಣೆ ಸ್ವೀಕೃತವಾಗಿದೆ. ಇನ್ನು ಮುಂದೆ ಚಾಪೆಯ ಅಂಚಿನಿಂದ ಬಲಗೈ ಹೊರಚಾಚಿ ಸಹಿ ಮಾಡತಕ್ಕದ್ದು. ಸಹಿಯಾದ ಬಳಿಕ ಅದೇ ಕೈಗೆ ಯಾರೂ ಬನ್ನು ಕೊಡಕೂಡದು.

8. ಬಳಸುವ ಚಾಪೆಯ ಮೂಲವನ್ನು ಮೊದಲೇ ಪರಿಶೀಲಿಸಿಕೊಳ್ಳುವುದು ಕಡ್ಡಾಯ. ಬುಧವಾರದ ಚಾಪೆಯನ್ನು ತೆಗೆಯಲೆಂದೋ ಏನೋ, ಉಗ್ರಾಣಪಾಲಕರು ಎರಡು ಹೆಜ್ಜೆ ಹೊರಗೆ ಬಂದದ್ದು ನಿಜ. ಬಗ್ಗಿದವರು ಅಂಚಿನ ಕೆಂಪು ಗರಿಗಳನ್ನು ಕಂಡು ಹಾಗೆಯೇ ನಿಂತರು. "ಇದು ನನ್ನ ತಂಗಿ ಹೆಣೆದಿದ್ದಲ್ವೇನೋ? ನಿಮ್ಮ ಮದುವೆಗೆ ನಾನೇ ಹೊತ್ಕೊಂಡು ಬಂದಿದ್ದು! ನಮ್ಮ ಚಾಪೆ ಹೊದ್ದು ನಮ್ಮ ಹತ್ರಾನೇ ಕ್ಷಮೆ ಕೇಳ್ತೀಯಾ?" ಎಂದು ಕೇಳಿದರು. ಚಾಪೆಯೊಳಗಿಂದ, "ಮನೇಲಿ ಇರೋದ್ರಲ್ಲಿ ಒಳ್ಳೇದು ಇದೇ ಮಾವ," ಎಂಬ ಉತ್ತರ ಬಂದಿತು. ಉತ್ತರ ಪ್ರಾಮಾಣಿಕವಾಗಿತ್ತು, ಉಪಯೋಗಕ್ಕೆ ಬರಲಿಲ್ಲ. ಬಾಗಿಲು ಮುಚ್ಚಲಾಯಿತು. ಆದುದರಿಂದ, ನೊಂದವರ ಕಡೆಯಿಂದಲೇ ಬಂದ ಚಾಪೆ ಅನರ್ಹ.

9. ಗುರುವಾರ ಇಯೋಪು ಅವರು ತಮ್ಮ ತಾಯಿಯ ಚಾಪೆಯೊಂದಿಗೆ ಮರಳಿ ಹಾಜರಾದರು. ಈ ಬಾರಿ ಉಗ್ರಾಣಪಾಲಕರು ತಾವು ಟೊಂಗಾದವರೆಂದೂ, "ನಿಮ್ಮ ಪದ್ಧತಿ ನಿಮ್ಗೆ. ಕೂತೋನ ಮೇಲಿಂದ ಚಾಪೆ ತೆಗೀಬೇಕು ಅಂತ ನಂಗೆ ಯಾವ ಮೇಷ್ಟ್ರೂ ಕಲಿಸಿಲ್ಲ," ಎಂದೂ ತಿಳಿಸಿದರು. ಅರ್ಧ ಆಯುಷ್ಯ ಇಲ್ಲೇ ಕಳೆದವರು, ಊರಿನ ಇಂಥ ಎಷ್ಟೋ ರಾಜಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಹಂದಿಮಾಂಸ ಉಂಡವರು ಹೀಗೆ ಹೇಳಿದ್ದು ಈ ಕಚೇರಿಗೆ ಸರಿ ಕಂಡಿಲ್ಲ. ಇದನ್ನು ನೇರವಾಗಿಯೇ ಹೇಳಲಾಗಿದೆ.

10. ಶುಕ್ರವಾರ ಮಳೆ. ಚಾಪೆಗೆ ಕೊಡೆ ಹಿಡಿಯುವುದು ಯಾವ ಶಾಖೆಯ ಕರ್ತವ್ಯ ಎಂಬ ಬಗ್ಗೆ ಒಮ್ಮತ ಮೂಡದ ಕಾರಣ ಯಾರೂ ಹಿಡಿಯಲಿಲ್ಲ. ಸಂಜೆ ಉಗ್ರಾಣದ ಕಿಟಕಿಯಿಂದ ಒಂದು ತಾಡಪಾಲು ಹಾರಿ ಬಂದು ಚಾಪೆಯ ಮೇಲೆ ಬಿದ್ದಿರುತ್ತದೆ. ಅದನ್ನು ಎಸೆದವರು ಯಾರೆಂದು ಉಗ್ರಾಣಪಾಲಕರಿಗೆ ತಿಳಿದಿಲ್ಲವಂತೆ.

11. ಮೇಲ್ಕಂಡ ಹಿನ್ನೆಲೆಯಲ್ಲಿ, ಸೋಮವಾರ ಮಧ್ಯಾಹ್ನದಿಂದ ಜಾರಿಗೆ ಬರುವಂತೆ ಉಗ್ರಾಣದ ಬಾಗಿಲಲ್ಲಿ ಯಾವುದೇ ಚಾಪೆ ಹೊದ್ದು ಕೂರುವುದನ್ನು ನಿಷೇಧಿಸಲಾಗಿದೆ. ಮೀರಿದವರನ್ನು ಚಾಪೆಸಮೇತ ಎತ್ತಿ ಬೇರೆಡೆ ಇಡಲಾಗುವುದು.

12. ಈ ಸುತ್ತೋಲೆ ಸೋಮವಾರ ಬೆಳಿಗ್ಗೆ ಬೆರಳಚ್ಚಾಗುತ್ತಿರುವಾಗ ನಡೆದ ಸಂಗತಿಯ ದೆಸೆಯಿಂದ ಖಂಡಿಕೆ 11ನ್ನು ಜಾರಿಗೆ ಬರುವ ಮೊದಲೇ ಹಿಂಪಡೆಯಲಾಗಿದೆ. ಸಂಗತಿ ಏನೆಂದರೆ:

ಎಂದಿನಂತೆ ಇಯೋಪು ಅವರು ಚಾಪೆ ಹೊದ್ದು ಕೂತಿದ್ದರು. ಶ್ರೀಮತಿ ಅನಾಸೆಯಿನಿ ಅವರು ಗೇಟು ದಾಟಿ ಬಂದು, ಕಾವಲುಗಾರರು "ಏನಮ್ಮಾ ಕೆಲಸ?" ಎಂದು ಕೇಳುತ್ತಿದ್ದಂತೆಯೇ, ಕಂಕುಳಲ್ಲಿದ್ದ ಮಗುವಿನೊಂದಿಗೆ ನೆಟ್ಟಗೆ ಹೋಗಿ, ಚಾಪೆಯ ಅಂಚೆತ್ತಿ ತಾವೂ ಗಂಡನ ಪಕ್ಕ ಒಳಗೆ ಕೂತರು. ಒಂದು ಚಾಪೆಯಡಿ ಗರಿಷ್ಠ ಎಷ್ಟು ಜನ ಎಂಬ ನಿಯಮ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮಗು ಅಳತೊಡಗಿತು. ಮೊದಲು ಸಣ್ಣಗೆ, ಆಮೇಲೆ ಇಡೀ ಕಚೇರಿ ಕೆಲಸ ನಿಲ್ಲಿಸಿ ಕಿಟಕಿಗೆ ಬರುವಷ್ಟು ಜೋರಾಗಿ.

ಉಗ್ರಾಣಪಾಲಕರು ಬಾಗಿಲ ಹಿಂದೆಯೇ ನಿಂತಿದ್ದರು. ಮೊಮ್ಮಗನ ದನಿಯನ್ನು ಅವರು ಕೇಳಿದ್ದು ಅದೇ ಮೊದಲು. ಅವರು ಕನ್ನಡಕ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. "ಅನಾ, ಮಗೂಗೆ ಸೆಖೆ ಆಗ್ತಿದೆ ಕಣೇ!" ಎಂದು ಒಳಗಿನಿಂದಲೇ ಕೂಗಿದರು. "ಆಗ್ತದಪ್ಪ. ತೆಗೆಯೋರು ತೆಗೀಬೇಕು," ಎಂದು ಚಾಪೆಯೊಳಗಿಂದ ಮಗಳು ಹೇಳಿದಳು. ಅಷ್ಟಕ್ಕೆ ಉಗ್ರಾಣಪಾಲಕರು ಹೊರಬಂದು, ಎರಡೂ ಕೈಗಳಿಂದ ಚಾಪೆ ಹಿಡಿದು ಕಿತ್ತು ಆಚೆ ಎಸೆದರು. ಚಾಪೆ ತೆಗೆದದ್ದು ಕ್ಷಮೆಗಲ್ಲ, ಗಾಳಿಗಾಗಿ ಎಂದು ಬರೆದುಕೊಳ್ಳಲು ಅವರು ಸೂಚಿಸಿದ್ದು, ಹಾಗೆಯೇ ಬರೆದುಕೊಳ್ಳಲಾಗಿದೆ. ಅವರ ಕಣ್ಣಲ್ಲಿ ನೀರಿತ್ತು. ಅದನ್ನೂ ಬರೆದುಕೊಳ್ಳಲಾಗಿದೆ.

ಮಗುವನ್ನು ಎತ್ತಿಕೊಂಡ ಮೇಲೆ ಕಂಡದ್ದು: ಹೊದಿಕೆಯೊಳಗೆ ಮಗುವಿಗೆ ಅದರಪ್ಪ ಬೆಳಿಗ್ಗೆಯೇ ತೊಡಿಸಿ ಹೋಗಿದ್ದು ಸಮೋವಾ ತಂಡದ ನೀಲಿ ಅಂಗಿ. ಕ್ಷಮೆ ಕೇಳಲು ಬಂದ ದಿನವೂ ಇಯೋಪುಗೆ ಬುದ್ಧಿ ನೆಟ್ಟಗಿರಲಿಲ್ಲ. ಅನಾಸೆಯಿನಿ ಗಂಡನನ್ನು ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ. ಅಷ್ಟರಲ್ಲಿ ಆ ನೀಲಿ ಅಂಗಿ ತಾನಾಗಿಯೇ ಕೆಳಗಿನಿಂದ ಒದ್ದೆಯಾಗುತ್ತ ಬಂದು, ಅಜ್ಜನ ಮುಂಗೈಯಿಂದ ಇಳಿದು ನೆಲಕ್ಕೆ ತೊಟ್ಟಿಕ್ಕಿತು.

"ನೋಡಿದ್ಯೇನೋ ಅಳಿಯ!" ಎಂದು ಉಗ್ರಾಣಪಾಲಕರು ಕಾಂಪೌಂಡು ಅದುರುವಂತೆ ಕೂಗಿದರು. "ನಿಮ್ಮ ತಂಡದ ಅಂಗಿ ಮೇಲೆ! ನಮ್ಮ ರಕ್ತ ಕಣೋ ಇದು!"

"ಮಾವ, ಅದು ಲೆಕ್ಕಕ್ಕೆ ಬರಲ್ಲ," ಎಂದರು ನೆಲದಲ್ಲೇ ಕೂತಿದ್ದ ಇಯೋಪು.

"ಯಾಕೆ ಬರಲ್ಲ? ನೆಲ ಮುಟ್ಟಿದೆ. ಈ ಸಲ ಎಲ್ಲರೂ ನೋಡಿದಾರೆ!"

13. ಮೇಲ್ಕಂಡ ಘಟನೆಯನ್ನು ಉಭಯ ದೇಶಗಳ ಪಂದ್ಯಗಳ ಇತಿಹಾಸದಲ್ಲಿ ಟೊಂಗಾದ ಗೆಲುವೆಂದು ಸೇರಿಸಬೇಕೆಂಬ ಉಗ್ರಾಣಪಾಲಕರ ಮನವಿಯನ್ನು ತಿರಸ್ಕರಿಸಲಾಗಿದೆ. ಅದನ್ನು ಕೋಕೋ ವಿರಾಮದಲ್ಲಿ ಹೇಳಲು, ಮಗು ಖುದ್ದು ಹಾಜರಿದ್ದಲ್ಲಿ ಮಾತ್ರ, ಅನುಮತಿಸಲಾಗಿದೆ.

14. ಈ ವಿಷಯದಲ್ಲಿ ಇದೇ ಕೊನೆಯ ಸುತ್ತೋಲೆ. ಹಿಂದಿನ ಮೂರರಲ್ಲೂ ಹೀಗೆಯೇ ಹೇಳಲಾಗಿತ್ತು.

ಸಹಿ/-
(ಅಸ್ಪಷ್ಟವಾಗಿದೆ, ಕಾಗದದ ಮೇಲೆ ತೇವ)
ಪ್ರಭಾರ ಆಡಳಿತಾಧಿಕಾರಿ

ಪ್ರತಿಗಳು:
1. ಎಲ್ಲ ಶಾಖೆಗಳ ಸೂಚನಾ ಫಲಕಕ್ಕೆ, ಜೀಗುಜ್ಜೆಯ ಚಿತ್ರ ಬರೆಯಬಾರದೆಂಬ ಸೂಚನೆಯೊಂದಿಗೆ.
2. ಪಾದ್ರಿಗಳಿಗೆ, ಒಂದು ವಾಷರಿನೊಂದಿಗೆ. ದೀಕ್ಷಾಸ್ನಾನಕ್ಕೆ ದಿನ ಗೊತ್ತುಮಾಡಬಹುದೆಂದು ಕೋರಲಾಗಿದೆ.
3. ಶ್ರೀ ಇಯೋಪು ತಾಫುನಾ, ಮೀಟರು ಶಾಖೆ. ಓದಿ ಬಾಯಿ ಮುಚ್ಚಿಕೊಳ್ಳುವುದಕ್ಕಾಗಿ.
4. ಶ್ರೀ ಫೆಲೆತಿ ಹಲಾಪುವಾ, ಉಗ್ರಾಣಪಾಲಕರು. ಇವರ ಪ್ರತಿಯನ್ನು ಸಂಜೆಯ ಮೇಲೆ ಸ್ವಂತ ಮನೆಗೆ ಒಯ್ದಲ್ಲಿ ಯಾರೂ ಬಾಗಿಲು ತೆಗೆಯುತ್ತಿಲ್ಲವಾದ್ದರಿಂದ, ಮಗಳ ಮನೆಯ ವಿಳಾಸಕ್ಕೆ ಕಳಿಸಿದೆ.