ತೂತಿಲ್ಲದ ಬೋಲ್ಟು ಕಳಿಸಿದ ಮಹನೀಯರಿಗೆ

ಬೀದರ,
೧೭ ಫೆಬ್ರವರಿ ೧೯೫೭

ಕಬ್ಬಿಣಕ್ಕೇ ಗಟ್ಟಿತನದ ಪಾಠ ಹೇಳಬಲ್ಲ ವಜ್ರಕಾಯ ನಟ್-ಬೋಲ್ಟ್ ಕಾರ್ಖಾನೆಯ ಮಾನ್ಯ ವ್ಯವಸ್ಥಾಪಕರೇ,

ತಮಗೂ ತಮ್ಮ ಲೇತುಗಳಿಗೂ ಬೀದರದ ಓಣಿಯೊಂದರ ವಾಚನಾಲಯದಿಂದ ಅನಂತ ವಂದನೆಗಳು. ನಾವು ಮೈಸೂರು ರಾಜ್ಯಕ್ಕೆ ಸೇರಿ ಮೂರು ತಿಂಗಳು ಮೀರಿತು. ಮೊದಲು ನಮಗೆ 'ಇಲ್ಲ' ಎಂಬ ಉತ್ತರ ಉರ್ದುವಿನಲ್ಲಿ ಬರುತ್ತಿತ್ತು; ತಮ್ಮ ಕೃಪೆಯಿಂದ ಈಗ ಅದು ಅಚ್ಚ ಕನ್ನಡದಲ್ಲಿ, ಎರಡು ಪುಟ ತುಂಬ ಬಂದಿದೆ. ಏಕೀಕರಣದ ಈ ಫಲವನ್ನು ಕಣ್ಣಿಗೊತ್ತಿಕೊಂಡಿದ್ದೇನೆ.

ನಾನು ಬೇಡಿದ್ದು ಇಷ್ಟೇ: ಹೊರಗೆ ಬೋಲ್ಟಿನಂತೆ ನಟ್ಟು ತಿರುಗಿ ಕೂರುವ ಚೂಡಿಯ ಗೆರೆಗಳಿರಬೇಕು, ಒಳಗೆ ಕೊಳವೆಯಂತೆ ಪೊಳ್ಳಾಗಿರಬೇಕು, ಆ ಪೊಳ್ಳಿನಲ್ಲಿ ವಿದ್ಯುತ್ ತಂತಿ ಇಳಿಯಬೇಕು. ನಮ್ಮ ಒಂದೇ ಬಲ್ಬು ತೊಲೆಯಿಂದ ತೂಗುತ್ತದೆ. ತೊಲೆಯ ಕಬ್ಬಿಣದ ಪಟ್ಟಿಗೆ ಉಜ್ಜಿ ತಂತಿಯ ರಬ್ಬರು ಸುಲಿದಿತ್ತು. ವಿದ್ಯುತ್ ಇಲಾಖೆಯಿಂದ ತಪಾಸಣೆಗೆ ಬಂದವರು, ಸಂಕ್ರಾಂತಿಯೊಳಗೆ ತಂತಿಯನ್ನು ಬೋಲ್ಟಿನೊಳಗಿಂದ ಹಾಯಿಸದಿದ್ದರೆ ಕರೆಂಟು ಕಡಿಯುವುದಾಗಿ ನ್ಯಾಯವಾಗಿಯೇ ಹೇಳಿ ಹೋದರು. ಆ ಬೆಳಕಿನಲ್ಲಿ ಸಂಜೆ ಹನ್ನೊಂದು ಮಂದಿ ಹೆಂಗಸರು ಅಕ್ಷರ ಕಲಿಯುತ್ತಾರೆ. ಅವರಲ್ಲಿ ಹಿರಿಯರಾದ ಕೇಶರಬಾಯಿ ಆಗಷ್ಟೇ ಒತ್ತಕ್ಷರದ ಹೊಸ್ತಿಲಿಗೆ ಬಂದಿದ್ದರು.

ಬೀದರದ ಅಂಗಡಿಕಾರ ಶಿವರಾಜಪ್ಪನವರು, "ತಮ್ಮಾ, ತೂತಿದ್ದ ಮಾಲ ನಾ ಇಡಂಗಿಲ್ಲ. ಇದ ನೋಡು, ಎಮ್ಮಿ ಕಟ್ಟಿದ್ರೂ ಬಾಗಂಗಿಲ್ಲ!" ಎಂದರು. ಭಾಲ್ಕಿಯಲ್ಲಿ ಸೈಕಲ್ ಪಂಪಿನ ಕೊಳವೆ ತೋರಿಸಿದರು. ಪೊಳ್ಳಿತ್ತು, ಚೂಡಿ ಇರಲಿಲ್ಲ. ಔರಾದದಲ್ಲಿ ಬಂಡಿಯ ಬೋಲ್ಟು ತೋರಿಸಿದರು. ಚೂಡಿ ಇತ್ತು, ಪೊಳ್ಳಿರಲಿಲ್ಲ. ಎರಡಕ್ಕೂ ಮದುವೆ ಮಾಡಿಸುವ ಪುರೋಹಿತ ಸಿಗಲಿಲ್ಲ. ಸಿಕ್ಕಿದ್ದರೂ ಪುರೋಹಿತಶಾಹಿಯ ವಿರುದ್ಧ ನಾಲ್ಕು ಕರಪತ್ರ ಓದಿದ ನಾನು ಕರೆಯುತ್ತಿರಲಿಲ್ಲ.

ಆಗ ತಮಗೆ ಬರೆದೆ. "ತೂತು ಕಂಡ ಬೋಲ್ಟನ್ನು ನಮ್ಮ ಪರೀಕ್ಷಕರು ಒಂದೂ ಬಿಡದೆ ಹೆಕ್ಕಿ ಗುಜರಿಗೆ ಎಸೆಯುತ್ತಾರೆ, ಅಂಥದು ತಮ್ಮ ಕೈಸೇರುವ ಭಯ ಬೇಡ" ಎಂದು ಅಭಯವಿತ್ತು, ನಂಬಿಕೆಗಾಗಿ ಒಂದು ಗಟ್ಟಿ ಬೋಲ್ಟನ್ನೂ ಕಳಿಸಿದಿರಿ. ಎಂಥ ಬೋಲ್ಟು ಸ್ವಾಮಿ! ಅದರೊಳಗೆ ಇರುವೆಯೂ ನುಗ್ಗದು, ಅರ್ಜಿಯೂ ನುಗ್ಗದು. ದಯಮಾಡಿ ಆ ಪರೀಕ್ಷಕರಿಗೆ ಒಂದು ದಿನ ಕಣ್ಣುಬೇನೆಯ ರಜೆ ಕೊಟ್ಟು, ಅಂದು ಹುಟ್ಟಿದ ದೋಷಗಳನ್ನೆಲ್ಲ ಬಾಜಾಬಜಂತ್ರಿಯೊಡನೆ ಬೀದರಕ್ಕೆ ಕಳಿಸಿ. ಅದಾಗದಿದ್ದರೆ ಗುಜರಿಯ ರಾಶಿಯನ್ನೇ ಕಾರ್ಖಾನೆಯೆಂದು ಘೋಷಿಸಿ, ಕಾರ್ಖಾನೆಯನ್ನು ಗುಜರಿಗೆ ಹಾಕಿ.

ಸಂಕ್ರಾಂತಿಯ ಮುನ್ನಾದಿನ ಬಿದ್ರಿ ಕಸುಬಿನ ಜಹೀರೋದ್ದೀನ ಸಾಹೇಬರು, ಯಾವುದೋ ಜಾಗೀರದಾರರ ಮನೆಯಿಂದ ದುರಸ್ತಿಗೆ ಬಂದು ಯಾರೂ ಮರಳಿ ಒಯ್ಯದ ಹುಕ್ಕಾದ ಹಿತ್ತಾಳೆ ನಳಿಗೆಗೆ ಚೂಡಿ ಕೊಯ್ದು ತಂದರು. ಜಾಗೀರದಾರರ ವಸ್ತು ಮುಟ್ಟೆನೆಂದು ಪ್ರತಿಜ್ಞೆ ಮಾಡಿದ್ದ ನಾನು ಹಿಂಜರಿದೆ. "ಮಿಯಾ, ನಾಕ್ ತಲಿಮಾರ ಹೊಗಿ ಬಿಟ್ಟದ ಇದು. ಈಗ ಬೆಳಕ ಕೊಡ್ತದ ಅಂದ್ರ ನಿಮಗ್ಯಾಕ ಹೊಟ್ಟಿ ಉರಿ?" ಎಂದರು. ಪ್ರತಿಜ್ಞೆ ಸಡಿಲಿತು, ನಟ್ಟು ಬಿಗಿಯಿತು, ತಂತಿ ಇಳಿಯಿತು, ಕರೆಂಟು ಉಳಿಯಿತು.

ತಮ್ಮ ಗಟ್ಟಿತನಕ್ಕೆ ತಲೆಬಾಗಿ, ಇನ್ನು ಮೇಲೆ ಪೊಳ್ಳನ್ನೇ ನಂಬಲಿರುವ,
ತಮ್ಮ ವಿಶ್ವಾಸಿ
ಮಚ್ಛೇಂದ್ರ

ವಿ.ಸೂ.: ಕೇಶರಬಾಯಿ ಒತ್ತಕ್ಷರ ದಾಟಿದ್ದಾರೆ. ನಿನ್ನೆ ತಮ್ಮ ಎರಡು ಪುಟದ ಪತ್ರವನ್ನು ಬೆರಳಿಟ್ಟು ಕೊನೆಯವರೆಗೂ ತಾವೇ ಓದಿ, ಕನ್ನಡಕ ತೆಗೆದು ಕೇಳಿದರು: "ಇಷ್ಟ್ ಬರಿಯೂದ್ರಾಗ ಒಂದ್ ತೂತ ಹೊಡಿಲಿಕ್ಕಿ ಬರ್ತಿದ್ದಿಲ್ಲೇನ್ರಿ ಇವರಿಗಿ?"