ಜಡೆ ಹಾಕಲು ಹೋದ ನಮ್ಮತ್ತೆ

ನಮ್ಮತ್ತೆಯ ಎದುರಿಗೆ ತಲೆ ಕೆದರಿಕೊಂಡು ನಿಲ್ಲುವುದಕ್ಕಿಂತ ಪೊಲೀಸ್ ಠಾಣೆಗೆ ಹೋಗಿ ನಿಲ್ಲುವುದು ವಾಸಿ! ಠಾಣೆಯಲ್ಲಿ ಹೆಸರು, ವಿಳಾಸವನ್ನಾದರೂ ಕೇಳುತ್ತಾರೆ. ಅತ್ತೆ ಏನೂ ಕೇಳುವುದಿಲ್ಲ. ರಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂರಿಸಿ, ಎರಡು ಮೊಣಕಾಲುಗಳ ನಡುವೆ ತಲೆ ಸಿಕ್ಕಿಸಿಕೊಂಡು ಬಾಚಣಿಗೆ ಹಾಕಿಯೇ ಬಿಡುತ್ತಾರೆ. ಅಲ್ಲಾಡಿದರೆ ಬಾಚಣಿಗೆಯ ಬೆನ್ನಿನಿಂದ ನೆತ್ತಿಗೊಂದು ಏಟು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮೈಸೂರಿನ ಒಂದು ಮಿಷನ್ ಹಾಸ್ಟೆಲ್ಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಆಯಾ ಆಗಿದ್ದವರು. ಬೆಳಗಾದರೆ ವರಾಂಡದಲ್ಲಿ ಸಾಲಾಗಿ ಕೂತ ಹೆಣ್ಣುಮಕ್ಕಳ ತಲೆಗೆ ಎಣ್ಣೆ ಹಚ್ಚುವುದು, ಹೇನು ಹೆಕ್ಕುವುದು, ಎರಡೆರಡು ಜಡೆ ಹಾಕಿ ರಿಬ್ಬನ್ ಕಟ್ಟುವುದು. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, "ಪುರುಸೊತ್ತು ಎಲ್ಲಿತ್ತು ಕಣೆ? ಯಾವಾಗ ನೋಡಿದ್ರೂ ಅರ್ಧ ಸಾಲು ಬಾಕಿ ಇರದು!" ಎನ್ನುತ್ತಾರೆ.

ನಮ್ಮಮ್ಮನೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ನನ್ನ ತಲೆಯೂ, ಹಾಸ್ಟೆಲ್ಲಿನ ಸಾಲು ಮುಗಿಸಿ ಬಂದ ಅತ್ತೆಯ ಪಾಲಿಗೇ ಬಂತು. ಬೈತಲೆ ಒಂದು ಕೂದಲೆಳೆಯಷ್ಟು ಸೊಟ್ಟಗಾದರೂ "ಸರಿಯಾಗಿ ಬಂದಿಲ್ಲ" ಎಂದು ಪೂರ್ತಿ ಬಿಚ್ಚಿ ಮೊದಲಿನಿಂದ ಶುರು! ಅತ್ತ ಸ್ಕೂಲಿನ ಬೆಲ್ ಹೊಡೆದು, ಪ್ರಾರ್ಥನೆ ಮುಗಿದು, ಹಾಜರಿ ಕೂಗಿದ್ದೂ ಆಗಿರುತ್ತಿತ್ತು. ನಾನು ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಬಾಗಿಲ ಹೊರಗೆ ನಿಂತೇ ಓದಿದವಳು. ಆದರೆ ಇಡೀ ಸ್ಕೂಲಿನಲ್ಲಿ ನನ್ನಷ್ಟು ನೆಟ್ಟಗಿನ ಬೈತಲೆ ಬೇರೆ ಯಾರಿಗಿತ್ತು, ಹೇಳಿ ನೋಡೋಣ!

ಇಂಥವರು ನಿವೃತ್ತರಾದರೆ ಏನಾಗಬೇಡ? ಕೆಸರೆ ಬಡಾವಣೆಯ ಎರಡು ಕೋಣೆಯ ಮನೆಯಲ್ಲಿ ಅತ್ತೆಯ ಕೈಗೆ ಕೆಲಸವೇ ಇಲ್ಲದಾಯಿತು. ಅಕ್ಕಪಕ್ಕದ ಹುಡುಗಿಯರೆಲ್ಲ ಪಾರ್ಲರಿಗೆ ಹೋಗಿ ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡು ಬಂದವರು. ಅತ್ತೆ ಹಾದಿಬದಿಯ ತಲೆಗಳನ್ನು ನೋಡಿ ನಿಟ್ಟುಸಿರು ಬಿಡುವ ಸ್ಥಿತಿಗೆ ಬಂದರು. ಆಗ ನಮ್ಮ ಚರ್ಚಿನಿಂದ ಒಂದು ತಂಡ ಉಗಾಂಡಕ್ಕೆ ಹೊರಟಿತು. ಅಲ್ಲಿನ ಒಂದು ಹಳ್ಳಿಯ ಶಾಲೆಯಲ್ಲಿ ಎರಡು ವಾರ ಮಕ್ಕಳ ನಡುವೆ, ಹೆಂಗಸರ ನಡುವೆ ಸೇವೆ. ಪಟ್ಟಿಯಲ್ಲಿ ಮೊದಲು ಹೆಸರು ಬರೆಸಿದವರು ಯಾರೆಂದು ಬೇರೆ ಹೇಳಬೇಕೆ?

ಕಮಿಟಿಯವರು ನಯವಾಗಿಯೇ ಹೇಳಿದರು. ವಯಸ್ಸು ಅರವತ್ತಾರು, ಬಿಪಿ ಇದೆ, ಇಂಗ್ಲಿಷ್ ಬರುವುದಿಲ್ಲ. ಮನೆಯಲ್ಲೇ ಇದ್ದು ತಂಡಕ್ಕಾಗಿ ಪ್ರಾರ್ಥನೆ ಮಾಡಿದರೆ ಅದೂ ದೊಡ್ಡ ಸೇವೆಯೇ ಅಲ್ಲವೇ?

"ಪ್ರಾರ್ಥನೆ ಮಾಡಕ್ಕೆ ಬಾಯಿ ಸಾಕು. ಈ ಕೈ ಏನ್ ಮಾಡ್ಲಿ? ಇನ್ನೂ ಆಡ್ತದಲ್ಲ!" ಎಂದರು ಅತ್ತೆ.

"ಅಲ್ಲಮ್ಮ, ಅಲ್ಲಿಯ ಮಕ್ಕಳ ಜೊತೆ ಮಾತಾಡೋಕೆ ಇಂಗ್ಲಿಷ್ ಬೇಕಲ್ಲ?" ಎಂದರು ಕಾರ್ಯದರ್ಶಿಗಳು.

"ಹೇನಿಗೆ ಇಂಗ್ಲಿಷ್ ಬತ್ತದಾ ಸಾರ್?"

ಅಷ್ಟಕ್ಕೇ ಅತ್ತೆ ಬಿಟ್ಟಾರೆಯೇ? "ನಮ್ಮಜ್ಜಿ ತಬ್ಬಲಿ ಮಗು. ಅವಳ ತಲೇಲಿ ಹೇನು ಹೆಕ್ಕಿ ಸಾಕಿದ ದೊರೆಸಾನಿಗೆ ಕನ್ನಡ ಬತ್ತಿತ್ತಾ? ಹಡಗು ಹತ್ಕೊಂಡು ಬಂದ್ಬುಟ್ಳು. ಆ ಋಣ ತೀರಿಸ್ಬೇಕಾ ಬೇಡ್ವಾ? ನಾನು ವಿಮಾನ ಹತ್ಕೊಂಡು ಹೋಯ್ತೀನಿ, ಅಷ್ಟೇ!" ಎಂದು ಎದ್ದು ಬಂದರು. ಮುಂದಿನ ವಾರ ಪಟ್ಟಿಯಲ್ಲಿ ಹೆಸರಿತ್ತು.

ಉಳಿದವರ ಪೆಟ್ಟಿಗೆಗಳಲ್ಲಿ ಬಣ್ಣದ ಪುಸ್ತಕ, ಕ್ರೇಯಾನು, ಹಾಡಿನ ಸ್ಪೀಕರು. ಅತ್ತೆಯ ಪೆಟ್ಟಿಗೆಯಲ್ಲಿ ಎರಡು ಡಜನ್ ಬಾಚಣಿಗೆ, ಅದರಲ್ಲಿ ಅರ್ಧ ಹೇನಿನ ಬಾಚಣಿಗೆ, ಮತ್ತು ದೇವರಾಜ ಮಾರುಕಟ್ಟೆಯ ಪಕ್ಕದಲ್ಲಿ ಚೌಕಾಸಿ ಮಾಡಿ ತಂದ ಕೆಂಪು ರಿಬ್ಬನ್ನಿನ ಸುರುಳಿಗಳು. ಪೆಟ್ಟಿಗೆಯಲ್ಲಿಟ್ಟರೆ ಸೋರುತ್ತದೆ ಎಂದು ಎರಡು ಲೀಟರ್ ಕೊಬ್ಬರಿ ಎಣ್ಣೆ ಕೈಚೀಲದಲ್ಲಿ! ವಿಮಾನ ನಿಲ್ದಾಣದ ತಪಾಸಣೆಯಲ್ಲಿ, "ಇದನ್ನ ಒಳಗೆ ಬಿಡಲ್ಲಮ್ಮ, ಆ ತೊಟ್ಟಿಗೆ ಹಾಕಿ" ಎಂದರಂತೆ. ಹಾಕುವ ಜಾಯಮಾನವೇ ಅದು? "ಚೆಲ್ಲಾಕೆ ಇದೇನು ಚರಂಡಿ ನೀರಾ?" ಎಂದು ಅತ್ತೆ ತಂಡದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ನೆತ್ತಿಗೂ ಬೊಗಸೆ ಬೊಗಸೆ ತಟ್ಟಿದರು. ಜೊತೆಗೆ ಹೊರಟಿದ್ದ ಕಾರ್ಯದರ್ಶಿಗಳ ತಲೆಯಲ್ಲಿ ಒಂದು ಕೂದಲೂ ಇಲ್ಲ. ಅವರನ್ನೂ ಬಿಡಲಿಲ್ಲ! ನಮ್ಮ ಚರ್ಚಿನ ತಂಡ ಥಳಥಳ ಹೊಳೆಯುತ್ತಾ ಅಭಿಷಿಕ್ತವಾಗಿ ವಿಮಾನ ಹತ್ತಿತು.

ಆದರೆ ಹಳ್ಳಿಗೆ ಹೋಗಿ ನೋಡಿದರೆ ಏನಿದೆ? ಆ ಶಾಲೆಯ ನಿಯಮದ ಪ್ರಕಾರ ಹುಡುಗ ಹುಡುಗಿ ಎನ್ನದೆ ಎಲ್ಲರ ತಲೆಯೂ ನುಣ್ಣಗೆ! ಇನ್ನೂರು ಮಕ್ಕಳು, ಒಂದು ಜಡೆ ಇಲ್ಲ, ಅಡಗಿಕೊಳ್ಳಲು ಜಾಗವಿಲ್ಲದ್ದರಿಂದ ಒಂದು ಹೇನೂ ಇಲ್ಲ. ಅತ್ತೆ ಮೂವತ್ತು ವರ್ಷ ಬೈತಲೆ ತೆಗೆದವರು, ಲೋಕದ ಹೆಣ್ಣುಮಕ್ಕಳಿಗೆಲ್ಲ ಎರಡು ಜಡೆ ಇರುತ್ತದೆಂದು ನಂಬಿದವರು. ಮಕ್ಕಳಾದರೋ ರಿಬ್ಬನ್ನನ್ನು ಒಂದು ಮೇಕೆಯ ಕೊರಳಿಗೆ ಕಟ್ಟಿ ಕುಣಿದರಂತೆ. ತಂಡದ ಹುಡುಗಿಯೊಬ್ಬಳು ಕಳಿಸಿದ ಫೋಟೋ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಬಂತು. ಮೇಕೆಯ ಹಿಂದೆ ಅತ್ತೆ, ಎರಡು ಕೈಯಲ್ಲೂ ಬಾಚಣಿಗೆ, ಮುಖ ಸಪ್ಪಗೆ. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ನನಗೆ ಆ ನಗುವಿನ ಬಗ್ಗೆ ಈಗಲೂ ನಾಚಿಕೆಯಿದೆ.

ಆಮೇಲಿನ ಸಂಗತಿಗೆ ಫೋಟೋ ಇಲ್ಲ. ಮಾವಿನ ಮರದ ಕೆಳಗೆ ಊರಿನ ಹೆಂಗಸರು ಒಬ್ಬರ ತಲೆ ಒಬ್ಬರು ಹೆಣೆಯುತ್ತಾ ಕೂತಿದ್ದರು. ಬಾಚಣಿಗೆ ಹಿಡಿದು ಅವರೆದುರು ನಿಂತ ಅತ್ತೆಯನ್ನು ನೋಡಿ, ಪಾಪ, ಈ ಮುದುಕಿ ಜಡೆ ಹಾಕಿಸಿಕೊಳ್ಳಲು ಬಂದಿದ್ದಾಳೆ ಎಂದುಕೊಂಡರು. ಕೈ ಹಿಡಿದು ಚಾಪೆಯ ಮೇಲೆ ಕೂರಿಸಿಯೇ ಬಿಟ್ಟರು!

ಹೀಗೆ ನಮ್ಮತ್ತೆ ನೆತ್ತಿಗೆ ಅಂಟಿದ ಇಪ್ಪತ್ತೆಂಟು ಬಿಳಿ ಜಡೆಗಳೊಂದಿಗೆ ಮೈಸೂರಿಗೆ ಬಂದಿಳಿದರು. ಸೀರೆ, ಚಪ್ಪಲಿ, ಕನ್ನಡಕ ಎಲ್ಲ ಹಳೆಯವೇ. ತಲೆ ಮಾತ್ರ ಉಗಾಂಡ! ಕೆಸರೆಯ ಬೀದಿಯಲ್ಲಿ ಸೊಪ್ಪಿನವಳು ಗಾಡಿ ನಿಲ್ಲಿಸಿ ನೋಡಿದಳು. "ನೋಡ್ಕೋ, ನೋಡ್ಕೋ. ಫ್ರೀ!" ಎಂದು ಅತ್ತೆ ಒಂದು ಸುತ್ತು ತಿರುಗಿ ತೋರಿಸಿದರು.

ನಮ್ಮ ಚರ್ಚಿನಲ್ಲಿ ಸೇವೆಗೆ ಹೋಗಿ ಬಂದವರು ಭಾನುವಾರ ಎದ್ದು ನಿಂತು ತಮ್ಮ ಅನುಭವದ ಸಾಕ್ಷಿ ಹೇಳುವುದು ಪದ್ಧತಿ. ಶನಿವಾರ ಕಾರ್ಯದರ್ಶಿಗಳು ನನಗೆ ಫೋನ್ ಮಾಡಿದರು. "ನಿಮ್ಮತ್ತೆಗೆ ಸ್ವಲ್ಪ ಹೇಳಮ್ಮ. ಅದನ್ನ ಬಿಚ್ಚಿ ಬಂದ್ರೆ ಸಾಕ್ಷಿ ಹೇಳಲಿ. ಇಲ್ದಿದ್ರೆ ಬೇಡ. ಸಭೇಲಿ ಚೆನ್ನಾಗಿರಲ್ಲ." ನಾನೂ ಕೆಸರೆಗೆ ಓಡಿ ಗೋಗರೆದೆ. ನನಗೂ ನಾಲ್ಕು ಜನರ ಭಯ, ಮುಚ್ಚಿಡುವುದೇಕೆ?

"ಅವ್ರ ಬೋಳುತಲೆ ಹಿಂದೆ ಕೂತ್ಕೊಂಡು ಇಷ್ಟು ವರ್ಷ ನಾನು ಪ್ರಾರ್ಥನೆ ಮಾಡಿಲ್ವಾ? ನಾನೇನಾದ್ರೂ ಅಂದ್ನಾ?" ಎಂದರು ಅತ್ತೆ. "ಬಿಚ್ಚಲ್ಲ ಕಣೆ. ಹೇಳ್ಬುಡು ಹೋಗು."

ಭಾನುವಾರ ತಂಡದವರು ಒಬ್ಬೊಬ್ಬರಾಗಿ ಎಷ್ಟು ಮಕ್ಕಳಿಗೆ ಪುಸ್ತಕ ಕೊಟ್ಟೆವು, ಎಷ್ಟು ಹೆಂಗಸರಿಗೆ ಪಾಠ ಹೇಳಿದೆವು ಎಂದು ವಿವರಿಸಿದರು. ಅತ್ತೆಯ ಹೆಸರು ಕರೆಯಲಿಲ್ಲ. ಕರೆಯದಿದ್ದರೆ ಸುಮ್ಮನಿರುವವರೇ? ಸೆರಗು ತಲೆಯ ಮೇಲೆ ಎಳೆಯದೆ ಎದ್ದು ಮುಂದೆ ಹೋಗಿ ನಿಂತರು. ಪಾಸ್ಟರ್ ಮೈಕನ್ನು ಅವರ ಬಾಯಿಯ ಮಟ್ಟಕ್ಕೆ ಇಳಿಸಿದರು.

"ನಾನು ಯಾರಿಗೂ ಏನೂ ಕೊಟ್ಟಿಲ್ಲ. ಮಾಡಾಕೆ ಅಂತ ಹೋದೆ, ಅವ್ರೇ ನಂಗೆ ಮಾಡ್ಬುಟ್ರು. ಮಧ್ಯಾಹ್ನದಿಂದ ಸಂಜೆಗಂಟ ಕೂತು ಮಾಡುದ್ರು. ಅದನ್ನ ಬಿಚ್ಚಿ ಬಂದು ನಾನು ಸೇವೆ ಮಾಡ್ದೆ ಅಂದ್ರೆ ಸುಳ್ಳಾಯ್ತದೆ. ಆಮೆನ್."

ಇಷ್ಟೇ ಸಾಕ್ಷಿ! ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ನೋಡಿದರೆ ಅತ್ತೆ ಜಡೆ ಹಾಕುತ್ತಿದ್ದ ಹಾಸ್ಟೆಲ್ಲಿನ ಹಳೆಯ ತಲೆ.

ಮೂರು ವಾರ ಕಳೆಯಿತು. ಜಡೆಗಳು ಸಡಿಲವಾಗಿ, ನೆತ್ತಿ ಕೆರೆತ ಶುರುವಾಗಿ, ಅತ್ತೆ ತಾವಾಗಿಯೇ ವಿಜಯನಗರದ ನನ್ನ ಮನೆಗೆ ಬಂದರು. ಮೆಟ್ಟಿಲ ಮೇಲೆ ಕೂತು ನನಗೆ ಬೆನ್ನು ತಿರುಗಿಸಿ "ಬಿಚ್ಚು" ಎಂದರು. ನಾನು ಒಂದೊಂದಾಗಿ ಬಿಚ್ಚತೊಡಗಿದೆ. ಅತ್ತೆ ತಲೆ ತಗ್ಗಿಸಿ ಎರಡು ಕೈಯಲ್ಲೂ ಮೊಣಕಾಲು ಹಿಡಿದುಕೊಂಡರು.

"ಯಾಕತ್ತೆ, ನೋವಾಯ್ತಾ?"

"ಇಲ್ಲ ಕಣೆ. ನಮ್ಮವ್ವ ಸತ್ತಾಗ ನಂಗೆ ಎಂಟು ವರ್ಷ. ಆಮೇಲೆ ನನ್ ತಲೆ ಇನ್ನೊಬ್ರು ಮುಟ್ಟಿದ್ದು ಆ ಊರಲ್ಲೇ."

ಏಳು ವರ್ಷ ದಿನಾ ನನ್ನ ಜಡೆ ಹಾಕಿದ ಕೈಗಳು ಅತ್ತೆಯವು. "ಅತ್ತೆ, ನಿಮ್ಮ ತಲೆ ಯಾರು ಬಾಚುತ್ತಾರೆ?" ಎಂದು ಒಂದು ದಿನವೂ ನಾನು ಕೇಳಿರಲಿಲ್ಲ.

ಎಲ್ಲ ಬಿಚ್ಚಿ, ಎಣ್ಣೆ ಹಚ್ಚಿ, ಬಾಚಿ ಒಂದು ಜಡೆ ಹಾಕಿದೆ. ಇರುವುದೇ ಬೆರಳು ಗಾತ್ರದ ಕೂದಲು, ಐದು ನಿಮಿಷವೂ ಹಿಡಿಯಲಿಲ್ಲ.

"ಮುಗೀತಾ? ಆಗ್ಲೇ?" ಎಂದರು ಅತ್ತೆ, ತಿರುಗದೆಯೇ.

ಬೈತಲೆ ನೂಲು ಹಿಡಿದಂತೆ ನೆಟ್ಟಗಿತ್ತು.

"ಇಲ್ಲ ಅತ್ತೆ, ಸರಿಯಾಗಿ ಬಂದಿಲ್ಲ" ಎಂದೆ. ಜಡೆಯನ್ನು ಪೂರ್ತಿ ಬಿಚ್ಚಿ ಮೊದಲಿನಿಂದ ಶುರುಮಾಡಿದೆ.