ಕಂಪನಿ ಬಿಡುವ ಸೋದರತ್ತೆ

ನಮ್ಮ ಯಜಮಾನರ ಸೋದರತ್ತೆಯಷ್ಟು ಸಲ ಮೊಬೈಲ್ ಕಂಪನಿ ಬಿಡಲು ಹೊರಟವರು ಮುಳಬಾಗಿಲು ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಾರರು. ವಿಚಿತ್ರವೆಂದರೆ, ಅವರು ಇವತ್ತಿಗೂ ಅದೇ ಕಂಪನಿಯಲ್ಲಿದ್ದಾರೆ!

ಮೊನ್ನೆ ನಾನು ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದೆ. ಪಡಸಾಲೆಯಿಂದ ಯಜಮಾನರ ಕೂಗು ಬಂತು.

"ಲೇ, ಕೇಳಿದ್ಯೇನೇ? ಅತ್ತೆ ಮತ್ತೆ ಕಂಪನಿ ಬಿಡ್ತಾರಂತೆ ಕಣೇ!"

"ಬಿಡ್ಲಿ ಬಿಡಿ. ನೀವು ಬಂದು ನಾಲ್ಕು ಕಾಳು ಹಿದುಕಿ."

ಆ ಕಡೆ ಟೀವಿಯ ಸದ್ದು ಜೋರಾಯಿತು!

ಅತ್ತೆಗೆ ಮಕ್ಕಳಿಲ್ಲ. ಗಂಡ ಹೋದ ಮೇಲೆ ಬಂಧುಗಳ ಮನೆಗಳಲ್ಲಿ ಸರದಿಯಂತೆ ಇರುತ್ತಾರೆ. ಸಂಕ್ರಾಂತಿಗೆ ನಮ್ಮ ಮನೆಯ ಸರದಿ ಮುಗಿದು, ಯಲ್ದೂರಿನಲ್ಲಿರುವ ನನ್ನ ಮೈದುನನ ಮನೆಗೆ ಹೊರಡಬೇಕಿತ್ತು. ಬಟ್ಟೆಗಳನ್ನು ಆಗಲೇ ಮಡಿಸಿಡುತ್ತಿದ್ದರು. ಇಷ್ಟರ ನಡುವೆ ಸಿಮ್ಮಿಗೂ ಮನೆ ಬದಲಿಸುವ ಯೋಚನೆ ಯಾಕೆ? ಆಂಜನೇಯಸ್ವಾಮಿ ದಯೆಯಿಂದ ಅವರ ಫೋನಿಗೆ ಬಚ್ಚಲುಮನೆಯಲ್ಲೂ ಸಿಗ್ನಲ್ ಸಿಗುತ್ತದೆ. ನನ್ನದನ್ನು ಹಿಡಿದುಕೊಂಡು ನಾನು ಮಹಡಿ ಹತ್ತಬೇಕು!

ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಲು ಒಂದು ಕೋಡು ಬರುತ್ತದೆ. ಅದಕ್ಕೆ ನಾಲ್ಕೇ ದಿನ ಆಯಸ್ಸು. ಒಂದು ಸಲ ಕೋಡು ಬಂದ ಕೂಡಲೇ ಅತ್ತೆ ಪಂಚಾಂಗ ತೆಗೆದರು. ಶನಿವಾರ ಬೇಡವಂತೆ. ಭಾನುವಾರ ಅಮಾವಾಸ್ಯೆ, ಸೋಮವಾರ ಪಾಡ್ಯ. "ಮಂಗಳವಾರ ಯಾರಾದ್ರೂ ಮನೆ ಬಿಡ್ತಾರೇನಮ್ಮ?" ಎಂದರು. ಬುಧವಾರ ತಲೆಗೆ ಸ್ನಾನ ಮಾಡಿ, ಕುಂಕುಮವಿಟ್ಟ ಫೋನು ಹಿಡಿದು ಅಂಗಡಿಗೆ ಹೋದರೆ ಕೋಡು ಸ್ವರ್ಗಸ್ಥವಾಗಿತ್ತು!

ಇನ್ನೊಂದು ಸಲ ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯವನು ಗಂಟುಬಿದ್ದ. ಅತ್ತೆಯದು ತಿಂಗಳ ಬಿಲ್ಲಿನ ಸಿಮ್ಮು. ಬಾಕಿ ತೀರಿಸದೆ ಹಳೆಯ ಕಂಪನಿ ಬಿಟ್ಟುಕೊಡುವುದಿಲ್ಲ.

"ಆ ಬಾಕೀನ ನಾವೇ ಕಟ್ತೀವಿ ಅಜ್ಜಿ. ನಮ್ ಕಂಪನಿಗೆ ಬಂದ್ಬಿಡಿ."

"ಅಲ್ಲಪ್ಪಾ, ಹೆಣ್ಣಿನ ಮನೆ ಸಾಲ ತೀರಿಸಿ ಹೆಣ್ಣು ಕರ್ಕೊಂಡು ಹೋಗ್ತೀವಿ ಅಂತ ಗಂಡಿನ ಕಡೆಯೋರು ಬಂದ್ರೆ ಏನರ್ಥ? ಗಂಡಿಗೇನೋ ಐಬಿದೆ ಅಂತ ತಾನೇ?"

ಪಾಪ, ಅವನು ತನ್ನ ಅಂಗಡಿಯ ಬೋರ್ಡನ್ನೇ ಒಮ್ಮೆ ಅನುಮಾನದಿಂದ ನೋಡಿದ.

ಈ ಸಲವೂ ಕೋಡು ಕೇಳಿದ್ದೇ ತಡ, ಹಳೆಯ ಕಂಪನಿಯ ಹುಡುಗಿಯ ಫೋನು ಬಂತು. ಅತ್ತೆ ಅಡುಗೆಮನೆಗೆ ಬಂದು, ಸೆರಗು ಸರಿಮಾಡಿಕೊಂಡು, ಸ್ಪೀಕರ್ ಹಾಕಿ ಕೂತರು.

"ಮೇಡಂ, ನಮ್ಮನ್ನ ಬಿಟ್ಟು ಹೋಗ್ತಿದ್ದೀರಂತೆ. ಏನು ತೊಂದರೆ ಆಯ್ತು? ದಯವಿಟ್ಟು ಇರಿ ಮೇಡಂ."

"ತೊಂದರೆ ಏನಿಲ್ಲ ಬಂಗಾರು ತಲ್ಲೀ. ನಿಂದು ಊಟ ಆಯ್ತಾ?"

ಆಮೇಲೆ ಅವಳ ಊರು, ಗಂಡ, ಮಗುವಿನ ಹಲ್ಲು! ಕೊನೆಗೆ ಆ ಹುಡುಗಿ ಬಿಲ್ಲು ಕಡಿಮೆ ಮಾಡಿಸುತ್ತೇನೆ ಎಂದಳು.

"ಅದೆಲ್ಲ ಬೇಡಮ್ಮ. ಇರಿ ಅಂದ್ಯಲ್ಲ, ಇರ್ತೀನಿ" ಎಂದು ಅತ್ತೆ ಫೋನಿಟ್ಟರು. ಮುಖದಲ್ಲಿ ಹಬ್ಬದ ಕಳೆ!

ನನಗೆ ಕುತೂಹಲ ತಡೆಯಲಾಗಲಿಲ್ಲ. "ಬಿಡೋ ಮನಸ್ಸೇ ಇಲ್ಲದ ಮೇಲೆ ಯಾಕತ್ತೆ ಈ ನಾಟಕ?"

ಅತ್ತೆ ನನ್ನ ತಟ್ಟೆಗೆ ಕೈ ಹಾಕಿ ಕಾಳು ಹಿದುಕತೊಡಗಿದರು. "ಎಷ್ಟೋ ಮನೆ ಬಿಟ್ಟಿದ್ದೀನಿ ಕಣಮ್ಮ. ಎಲ್ರೂ ಒಳ್ಳೆಯೋರೇ. ಹೊರಡ್ತೀನಿ ಅಂದ್ರೆ, ಬೇಗ ಬೇಗ, ಬಸ್ಸಿಗೆ ಹೊತ್ತಾಯ್ತು ಅಂತಾರೆ. ಯಾಕೆ ಹೋಗ್ತೀಯ ಅಂತ ಕೇಳೋಳು ಇವಳೊಬ್ಬಳೇ."

ನನ್ನ ಬೆರಳಲ್ಲಿದ್ದ ಕಾಳು ಜಾರಿ ಎತ್ತಲೋ ಹಾರಿತು.

"ಯಲ್ದೂರಿಗೆ ಯಾಕತ್ತೆ ಹೋಗ್ತೀರ?"

"ಸರದಿ ಮುಗೀತಲ್ಲಮ್ಮ."

"ಮುಗಿದ್ರೆ ಮುಗೀಲಿ. ಇಲ್ಲೇ ಇರಿ."

ಅತ್ತೆ ತಲೆಯೆತ್ತಲಿಲ್ಲ. ಸಿಪ್ಪೆಯನ್ನು ಬೇಳೆಯ ಪಾತ್ರೆಗೂ ಬೇಳೆಯನ್ನು ಸಿಪ್ಪೆಗೂ ಹಾಕುತ್ತಿದ್ದರು. ಸೆರಗಿನಿಂದ ಮೂಗು ಒರೆಸಿಕೊಂಡು, "ಏನು ಆಫರ್ ಕೊಡ್ತೀಯ?" ಎಂದರು.

"ದಿನಕ್ಕೊಂದು ಜಗಳ ಫ್ರೀ."

ಅವರು ನಕ್ಕರೋ ಅತ್ತರೋ ನನಗೆ ಗೊತ್ತಾಗಲಿಲ್ಲ. ಹೋಗುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಆಂಜನೇಯಸ್ವಾಮಿ ಇಷ್ಟಾದರೂ ಕೊಟ್ಟನಲ್ಲ ಎಂದುಕೊಂಡು ಎದ್ದು, ಮುದ್ದೆಗೆ ಎಸರಿಟ್ಟೆ.